‘ಅಲಮ್ನೈ’ – ಪದದ ಮೂಲ ಮತ್ತು ಬಳಕೆ

ವಿದ್ಯಾಸಂಸ್ಥೆಗಳ ಆಮಂತ್ರಣ ಪತ್ರಿಕೆಗಳಲ್ಲಿಯೂ ದೇಣಿಗೆಯ ಮನವಿಗಳಲ್ಲಿಯೂ ‘ಅಲಮ್ನೈ’ ಎಂಬ ಪದ ಇಂದು ಸರ್ವಸಾಮಾನ್ಯವಾಗಿದೆ. ‘ಹಳೆಯ ವಿದ್ಯಾರ್ಥಿಗಳು’ ಎಂಬುದು ಅದರ ರೂಢಾರ್ಥ. ಆದರೆ ಪದದ ಮೂಲದಲ್ಲಿ ‘ಹಳೆಯ’ ಎಂಬ ಭಾವವೂ ಇಲ್ಲ, ‘ವಿದ್ಯೆ’ಯ ಪ್ರಸ್ತಾಪವೂ ಇಲ್ಲ.

ವ್ಯುತ್ಪತ್ತಿ

ಲ್ಯಾಟಿನ್ ಭಾಷೆಯ ‘ಅಲೆರೆ’ ಎಂಬ ಕ್ರಿಯಾಪದಕ್ಕೆ ಉಣಿಸು, ಪೋಷಿಸು ಎಂದರ್ಥ. ಇದರಿಂದ ನಿಷ್ಪನ್ನವಾದ ‘ಅಲುಮ್ನುಸ್’ ಎಂದರೆ ಪೋಷಿಸಲ್ಪಟ್ಟವನು, ಸಾಕುಮಗ. ರೋಮನ್ನರ ಸಮಾಧಿಶಾಸನಗಳಲ್ಲಿ ಈ ಪದ ಸಾಕುಮಕ್ಕಳನ್ನೇ ಸೂಚಿಸುತ್ತದೆ. ಗುರುವಿನ ಪೋಷಣೆಯಲ್ಲಿ ಬೆಳೆದವನು ಎಂಬ ಅರ್ಥದಲ್ಲಿ ಅದು ಶಿಷ್ಯನಿಗೂ ಸಂದಿತು. ಇದರ ಜೊತೆಗಾರ ಪದ ‘ಆಲ್ಮಾ ಮಾಟರ್’, ಅಂದರೆ ಪೋಷಿಸುವ ತಾಯಿ. ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದ ಅಧಿಕೃತ ನಾಮಧೇಯದಲ್ಲಿಯೇ ಈ ಪದವಿದೆ. ಜೀವನಾಂಶ ಎಂಬರ್ಥದ ‘ಅಲಿಮನಿ’, ಬೆಳೆದವನು ಎಂಬರ್ಥದ ‘ಅಡಲ್ಟ್’ ಕೂಡ ಇದೇ ಧಾತುವಿನ ಕುಡಿಗಳು.

ಕ್ರಿ.ಶ. 2ನೆಯ ಶತಮಾನದ ಆರಂಭದಲ್ಲಿ ಟ್ರಾಜನ್ ಚಕ್ರವರ್ತಿ ಇಟಲಿಯ ಬಡಮಕ್ಕಳಿಗಾಗಿ ನಡೆಸಿದ ‘ಅಲಿಮೆಂಟಾ’ ಯೋಜನೆಯ ಹೆಸರೂ ಇಲ್ಲಿಂದಲೇ ಬಂದದ್ದು. ಭೂಮಾಲೀಕರಿಗೆ ಜಮೀನಿನ ಆಧಾರದ ಮೇಲೆ ಸಾಲ ನೀಡಿ, ಅದರ ಬಡ್ಡಿಯಿಂದ ಮಕ್ಕಳ ಪೋಷಣೆ ನಡೆಯುತ್ತಿತ್ತು. ವೆಲೇಯ ಎಂಬ ಊರಿನ ಕಂಚಿನ ಶಾಸನದಂತೆ ಬಡ್ಡಿಯ ದರ ಶೇಕಡ 5. ಅಸಲು ಕರಗದೆ ಪೋಷಣೆ ಸಾಗುವ ಈ ಏರ್ಪಾಡು, ನಮ್ಮ ಶಾಲೆಗಳ ದತ್ತಿನಿಧಿಯನ್ನು ನೆನಪಿಸುತ್ತದೆ.

ರೂಪಗಳು

ಇಂಗ್ಲಿಷಿನಲ್ಲಿ ಈ ಪದ 17ನೆಯ ಶತಮಾನದಿಂದ ಬಳಕೆಯಲ್ಲಿದೆ. ಪುರುಷನೊಬ್ಬನಾದರೆ ‘ಅಲಮ್ನಸ್’, ಸ್ತ್ರೀಯೊಬ್ಬಳಾದರೆ ‘ಅಲಮ್ನ’. ಪುರುಷರು ಅಥವಾ ಸ್ತ್ರೀಪುರುಷರಿಬ್ಬರೂ ಸೇರಿದ ಸಮೂಹ ‘ಅಲಮ್ನೈ’, ಕೇವಲ ಸ್ತ್ರೀಯರ ಸಮೂಹ ‘ಅಲಮ್ನೀ’. ಪ್ರಾಚೀನ ಲ್ಯಾಟಿನ್ ಉಚ್ಚಾರಣೆಯಲ್ಲಿ ಕೊನೆಯ ಎರಡರ ಧ್ವನಿ ಅದಲುಬದಲಾಗಿತ್ತೆಂಬುದು ಸ್ವಾರಸ್ಯಕರ. ‘ನಾನು ಇಂಥ ಕಾಲೇಜಿನ ಅಲಮ್ನೈ’ ಎನ್ನುವುದು ನಮ್ಮಲ್ಲಿ ಬಹಳವಾಗಿ ಕೇಳಿಬರುವ ಪ್ರಯೋಗ. ಮೂಲರೂಪವನ್ನು ನೋಡಿದರೆ ಅದು ‘ನಾನು ವಿದ್ಯಾರ್ಥಿಗಳು’ ಎಂದಂತೆ. ಲಿಂಗಭೇದವಿಲ್ಲದ ‘ಅಲಮ್’ ಎಂಬ ಹ್ರಸ್ವರೂಪವೂ ಈಗ ಪ್ರಚಾರದಲ್ಲಿದೆ. ಪಟಿಕವನ್ನು ಸೂಚಿಸುವ ಇಂಗ್ಲಿಷ್ ಪದದ ಬರಹವೂ ಇದೇ ಆದರೂ ಅದರ ಮೂಲ ಬೇರೆ.

ನಮ್ಮ ಪರ್ಯಾಯಗಳು

ಕನ್ನಡದಲ್ಲಿ ‘ಹಳೆಯ ವಿದ್ಯಾರ್ಥಿ’, ‘ಹಿರಿಯ ವಿದ್ಯಾರ್ಥಿ’ ಎರಡೂ ರೂಢಿಯಲ್ಲಿವೆ. ಹಿಂದಿಯವರು ‘ಪೂರ್ವ ಛಾತ್ರ’ ಎನ್ನುತ್ತಾರೆ. ಮರಾಠಿಗರ ‘ಮಾಜಿ ವಿದ್ಯಾರ್ಥಿ’ ಮುಂಬಯಿ, ಪುಣೆಗಳ ಕನ್ನಡಿಗರಿಗೂ ಪರಿಚಿತ. ‘ಮಾಜಿ’ ಎಂಬುದು ಅರಬ್ಬಿ ಮೂಲದ್ದು, ಕಳೆದುಹೋದದ್ದು ಎಂದರ್ಥ. ಸಂಸ್ಕೃತದ ‘ಸ್ನಾತಕ’ ಎಂದರೆ ವ್ಯಾಸಂಗ ಮುಗಿಸಿ ಸಮಾವರ್ತನೆಯ ಸ್ನಾನ ಮಾಡಿದವನು. ಇಲ್ಲಿ ವ್ಯಾಸಂಗ ಪೂರ್ಣಗೊಂಡಿರಬೇಕು.

ಯಾರಿಗೆ ಸಲ್ಲುತ್ತದೆ?

ಹಳೆಯ ವಿದ್ಯಾರ್ಥಿ ಸಂಘಗಳಲ್ಲಿ ಆಗಾಗ ತಲೆದೋರುವ ಪ್ರಶ್ನೆ ಇದು: ಓದನ್ನು ನಡುವೆಯೇ ಬಿಟ್ಟವರಿಗೆ ಸದಸ್ಯತ್ವ ಉಂಟೇ? ಪ್ರಮುಖ ಇಂಗ್ಲಿಷ್ ನಿಘಂಟುಗಳ ಪ್ರಕಾರ ಸಂಸ್ಥೆಯಲ್ಲಿ ಓದಿದ್ದರೆ ಸಾಕು, ಪದವಿ ಪಡೆದಿರಲೇಬೇಕೆಂದಿಲ್ಲ. ಮುಂಬಯಿ ಕನ್ನಡಿಗರಿಗೆ ಇದು ಕೇವಲ ಶಬ್ದಚರ್ಚೆಯಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರ ಪರಂಪರೆ ಈ ನಗರದ್ದು. ಸಂಸಾರದ ಭಾರದಿಂದ ಮೆಟ್ರಿಕ್ ಮುಟ್ಟದೆ ಶಾಲೆ ಬಿಟ್ಟವರೂ ಅವರಲ್ಲಿದ್ದರು. ಪ್ರಮಾಣಪತ್ರವನ್ನೇ ಅಳತೆಗೋಲಾಗಿಸಿದರೆ ಅವರು ಹೊರಗುಳಿಯುತ್ತಾರೆ; ಪದದ ಮೂಲಾರ್ಥವನ್ನು ಹಿಡಿದರೆ ಒಳಗೇ ಇರುತ್ತಾರೆ.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ‘ನ್ಯಾಕ್’, 2017ರ ತನ್ನ ಪರಿಷ್ಕೃತ ಮಾನದಂಡಗಳಲ್ಲಿ ಹಳೆಯ ವಿದ್ಯಾರ್ಥಿಗಳ ಒಡನಾಟವನ್ನೂ ಸೇರಿಸಿತು. ಅಂಕಗಳಿಗಾಗಿ ಸಂಘ ಕಟ್ಟುವ ಕಾಲೇಜುಗಳೂ ಉಂಟು. ಆದರೆ ಸಾಕಿದ ಮನೆಗೂ ಸಾಕುಮಗನಿಗೂ ಇರುವ ಸಂಬಂಧ ದೇಣಿಗೆಯ ರಸೀತಿಗೆ ಮುಗಿಯುವಂಥದ್ದಲ್ಲ. ಸದಸ್ಯರ ಪಟ್ಟಿ ಸಿದ್ಧಪಡಿಸುವವರು ಹಳೆಯ ದಾಖಲಾತಿ ಪುಸ್ತಕವನ್ನು ಮೊದಲ ಪುಟದಿಂದ ತೆರೆದು ನೋಡುವುದು ಉಚಿತ.