ಡೂಮ್: ಮೂವತ್ತು ವರ್ಷವಾದರೂ ಮುಗಿಯದ ಆಟ

1996ರಲ್ಲಿ, ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ, ತೀರ್ಥಹಳ್ಳಿ ಹತ್ತಿರದ ನನ್ನ ಅಮ್ಮನ ತವರುಮನೆಯನ್ನು ನಾನು ಕಂಪ್ಯೂಟರಿನೊಳಗೆ ಕಟ್ಟಿದೆ. ರಜೆಯಲ್ಲಿ ಹೋದಾಗ ಹೆಜ್ಜೆ ಲೆಕ್ಕದಲ್ಲಿ ಅಳತೆ ತೆಗೆದುಕೊಂಡು ಬಂದಿದ್ದೆ. ಜಗುಲಿ, ಅಂಗಳ, ನಡುಮನೆ, ದೇವರ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲವೂ ಅದರಲ್ಲಿದ್ದವು. ಕಟ್ಟಿದ್ದು ಮನೆ ಪ್ಲಾನ್ ಹಾಕುವ ಸಾಫ್ಟ್‌ವೇರಿನಲ್ಲಿ ಅಲ್ಲ, ಡೂಮ್ ಎಂಬ ಬಂದೂಕಿನ ಆಟದಲ್ಲಿ. ಹಾಗಾಗಿ ಅಡುಗೆಮನೆಯ ಒಲೆಯ ಪಕ್ಕದಲ್ಲಿ ಯಾವಾಗಲೂ ಒಂದು ರಾಕ್ಷಸ ನಿಂತಿರುತ್ತಿತ್ತು.

ಮಾವಂದಿರು ಪಾಲಾದ ಮೇಲೆ 2009ರಲ್ಲಿ ಆ ಮನೆ ಕೆಡವಿದರು. ನನ್ನ ಫೈಲ್ ಮಾತ್ರ ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಪೆನ್‌ಡ್ರೈವಿಗೆ ದಾಟುತ್ತ ಉಳಿದಿದೆ. ಈಗಿನ ಲ್ಯಾಪ್‌ಟಾಪಿನಲ್ಲೂ ಅದು ತೆರೆಯುತ್ತದೆ. ಅದಾಗಿ ಎರಡು ವರ್ಷಕ್ಕೆ ಹಗಲುರಾತ್ರಿ ಕೂತು ಬರೆದ ಪ್ರಾಜೆಕ್ಟ್ ರಿಪೋರ್ಟಿನ ಫೈಲ್ ನನ್ನ ಯಾವ ಕಂಪ್ಯೂಟರಿನಲ್ಲೂ ತೆರೆಯುವುದಿಲ್ಲ. ಗಂಭೀರ ಕೆಲಸಕ್ಕೆ ಬಳಸಿದ್ದು ಹೋಗಿ ಹುಡುಗಾಟಕ್ಕೆ ಬಳಸಿದ್ದು ಯಾಕೆ ಉಳಿಯಿತು? ಬಹಳ ವರ್ಷ ಇದನ್ನು ಆಕಸ್ಮಿಕ ಅಂದುಕೊಂಡಿದ್ದೆ. ಡೂಮ್‌ನ ಚರಿತ್ರೆಯನ್ನು ಓದುತ್ತ ಹೋದಂತೆ, ಆಕಸ್ಮಿಕ ಅಲ್ಲ ಅನ್ನಿಸಿತು.

ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ನಗರದ ಪಕ್ಕ ಮೆಸ್ಕೀಟ್ ಎಂಬ ಊರಿದೆ. ಅಲ್ಲಿ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿಯಿತ್ತು. ಜಾನ್ ಕಾರ್ಮ್ಯಾಕ್ ಅದರ ಮುಖ್ಯ ಪ್ರೋಗ್ರಾಮರ್. ಜಾನ್ ರೊಮೆರೊ ಲೆವೆಲ್‌ಗಳನ್ನೂ ಅವುಗಳನ್ನು ಕಟ್ಟುವ ಸಲಕರಣೆಗಳನ್ನೂ ಮಾಡುತ್ತಿದ್ದವರು. ಏಡ್ರಿಯನ್ ಕಾರ್ಮ್ಯಾಕ್ ಮತ್ತು ಕೆವಿನ್ ಕ್ಲೌಡ್ ಚಿತ್ರಕಾರರು. ಎಲ್ಲರೂ ಹೆಚ್ಚುಕಡಿಮೆ ಇಪ್ಪತ್ತರ ಹರೆಯದವರೇ. 1992ರಲ್ಲಿ ಅವರು ತಂದ ವುಲ್ಫೆನ್‌ಸ್ಟೈನ್ 3ಡಿ ಹೆಸರು ಮಾಡಿತ್ತು. ಆದರೆ ಅದರ ಗೋಡೆಗಳೆಲ್ಲ ಒಂದೇ ಎತ್ತರ, ಮೂಲೆಗಳೆಲ್ಲ ನೇರ ಕೋನ. ಡೂಮ್‌ನಲ್ಲಿ ಓರೆ ಗೋಡೆ, ಮೆಟ್ಟಿಲು, ಕತ್ತಲೆ ಮೂಲೆ, ಮಿಣುಕುವ ದೀಪ ಎಲ್ಲ ಬಂದವು.

1993ರ ಡಿಸೆಂಬರ್ 10ರಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ವರಿಗೆ ಆಟವನ್ನು ಏರಿಸಲು ಹೊರಟರು. ಕಾಯುತ್ತಿದ್ದ ಜನ ಆಗಲೇ ಸರ್ವರಿನಲ್ಲಿ ತುಂಬಿಕೊಂಡಿದ್ದರಿಂದ ಆಟ ಮಾಡಿದವರಿಗೇ ಒಳಗೆ ಹೋಗಲು ಜಾಗವಿರಲಿಲ್ಲ. ಹೇಗೋ ದಾರಿ ಮಾಡಿ ಏರಿಸಿದ ಮೇಲೆ ಜನ ಮುಗಿಬಿದ್ದು ಸರ್ವರೇ ಕೆಳಗೆ ಬಿತ್ತು. ಮೊದಲ ಭಾಗದ ಒಂಬತ್ತು ಲೆವೆಲ್ ಪೂರ್ತಿ ಉಚಿತ, ಯಾರು ಬೇಕಾದರೂ ಕಾಪಿ ಮಾಡಿ ಹಂಚಬಹುದು. ಇಷ್ಟವಾದರೆ ದುಡ್ಡು ಕಳಿಸಿ ಉಳಿದ ಎರಡು ಭಾಗ ತರಿಸಿಕೊಳ್ಳಬೇಕು. ಶೇರ್‌ವೇರ್ ಎಂಬ ಈ ಪದ್ಧತಿಯಿಂದಲೇ ಆಟ ಕಂಪ್ಯೂಟರ್ ಇದ್ದಲ್ಲೆಲ್ಲ ಹೋಗಿ ಸೇರಿತು. ನಮ್ಮ ಲ್ಯಾಬಿಗೆ ಅದು ಎರಡು ಫ್ಲಾಪಿಯಲ್ಲಿ ಬಂದಿತ್ತು. ಆಮೇಲೆ ಸೀನಿಯರ್ ಒಬ್ಬ ಬೆಂಗಳೂರಿನಿಂದ ಪೂರ್ತಿ ಆಟವಿದ್ದ ಸಿಡಿ ತಂದ. ಅದಕ್ಕೆ ಟೆಕ್ಸಾಸಿಗೆ ಯಾರೂ ದುಡ್ಡು ಕಳಿಸಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಸಂಬಳ ಬರತೊಡಗಿದ ಮೇಲೆ ನಾನು ಅದನ್ನು ಕೊಂಡೆ, ಅದೂ ಎರಡು ಸಲ.

ಆಟವಾಗಿಯೂ ಡೂಮ್ ಗಟ್ಟಿ. ನಾಯಕ ಓಡುವ ವೇಗಕ್ಕೆ ಇವತ್ತಿನ ಎಷ್ಟೋ ಆಟಗಳು ನಿಧಾನ ಅನ್ನಿಸುತ್ತವೆ. ಬೆಂಕಿಯುಂಡೆ ಕಣ್ಣಿಗೆ ಕಾಣುವಂತೆ ಬರುವುದರಿಂದ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಬಹುದು. ಒಂದು ಜಾತಿಯ ರಾಕ್ಷಸ ಎಸೆದದ್ದು ಇನ್ನೊಂದು ಜಾತಿಗೆ ತಾಗಿದರೆ ಅವೆರಡೇ ಕಾದಾಡತೊಡಗುತ್ತವೆ, ನಾವು ದೂರ ನಿಂತು ನೋಡಿದರಾಯಿತು. ಗುಂಡು ಹೊಡೆಯುವುದಕ್ಕಿಂತ ಎಲ್ಲಿ ನಿಲ್ಲಬೇಕು ಎಂಬುದೇ ಇಲ್ಲಿ ಮುಖ್ಯ. ಆದರೆ ಆಡಲು ಚೆನ್ನಾಗಿದ್ದ ಆಟಗಳು ಆ ಕಾಲದಲ್ಲಿ ಇನ್ನೂ ಇದ್ದವು. ಡೂಮ್ ಉಳಿಯುವುದಕ್ಕೆ ಅದಷ್ಟೇ ಕಾರಣವಲ್ಲ.

ವುಲ್ಫೆನ್‌ಸ್ಟೈನ್ ಬಂದಾಗ ಅಭಿಮಾನಿಗಳು ಅದರ ಫೈಲ್‌ಗಳನ್ನು ಬಿಚ್ಚಿ, ಚಿತ್ರಗಳನ್ನು ಬದಲಿಸಿ, ತಮ್ಮದೇ ಲೆವೆಲ್ ಮಾಡಿದ್ದರು. ಕಾರ್ಮ್ಯಾಕ್‌ಗೆ ಇದು ಖುಷಿ ಕೊಟ್ಟಿತು. ಹಾಗಾಗಿ ಡೂಮ್‌ನಲ್ಲಿ ಆಟ ನಡೆಸುವ ಎಂಜಿನ್ ಬೇರೆ, ಲೆವೆಲ್, ಚಿತ್ರ, ಸದ್ದುಗಳಿರುವ ಫೈಲ್ ಬೇರೆ ಇಟ್ಟರು. ಆ ಫೈಲಿಗೆ ವ್ಯಾಡ್ ಎಂದು ಹೆಸರು. ಮೂಲ ಫೈಲನ್ನು ಮುಟ್ಟದೆ ನಮ್ಮದೊಂದು ಸಣ್ಣ ವ್ಯಾಡ್ ಮಾಡಿ ಅದರ ಮೇಲೆ ಹೊದಿಸಬಹುದು. ಸ್ವಂತ ಸರಕನ್ನು ಹೀಗೆ ಬಿಟ್ಟುಕೊಡುವುದು ಕಂಪನಿಯೊಳಗೆ ಎಲ್ಲರಿಗೂ ಹಿಡಿಸಿರಲಿಲ್ಲ. ಕೊನೆಗೆ ಒಂದು ಷರತ್ತು ಉಳಿಯಿತು: ಜನ ಮಾಡುವ ಲೆವೆಲ್‌ಗಳು ದುಡ್ಡು ಕೊಟ್ಟು ಕೊಂಡ ಆಟದಲ್ಲಿ ಮಾತ್ರ ನಡೆಯಬೇಕು. 1994ರ ಆರಂಭದಲ್ಲೇ ಅಭಿಮಾನಿಗಳು ಸೇರಿ ಡಿಇಯು ಎಂಬ ಎಡಿಟರ್ ಬರೆದು ಉಚಿತವಾಗಿ ಹಂಚಿದರು. ನನ್ನ ಕೈಗೆ ಸಿಕ್ಕಿದ್ದು ಅದೇ.

ಡೂಮ್ ಮೂರು ಆಯಾಮದ ಹಾಗೆ ಕಂಡರೂ ಅದರ ಪ್ರತಿ ಲೆವೆಲ್ ಮೂಲದಲ್ಲಿ ಒಂದು ನಕ್ಷೆ. ಗೆರೆ ಎಳೆದರೆ ಗೋಡೆ. ಗೆರೆಗಳ ನಡುವಿನ ಜಾಗಕ್ಕೆ ಸೆಕ್ಟರ್ ಎನ್ನುತ್ತಾರೆ. ಪ್ರತಿ ಸೆಕ್ಟರಿಗೆ ನೆಲದ ಎತ್ತರ, ಸೂರಿನ ಎತ್ತರ, ಬೆಳಕು ಇಷ್ಟೆಂದು ಹೇಳಬೇಕು. ಆಮೇಲೆ ಒಂದು ದೊಡ್ಡ ಲೆಕ್ಕ ನಡೆಯುತ್ತದೆ. ನಕ್ಷೆಯನ್ನು ಎರಡು ತುಂಡು, ಆ ತುಂಡುಗಳನ್ನು ಮತ್ತೆ ಎರಡೆರಡು ಮಾಡುತ್ತ ಮರದ ಕವಲುಗಳಂತೆ ಜೋಡಿಸಿಡುವುದು. 1980ರ ಒಂದು ಸಂಶೋಧನಾ ಪ್ರಬಂಧದಲ್ಲಿದ್ದ ಈ ಉಪಾಯವನ್ನು ಕಾರ್ಮ್ಯಾಕ್ ಆಟಕ್ಕೆ ಒಗ್ಗಿಸಿದರು. ಹೀಗೆ ಜೋಡಿಸಿಟ್ಟರೆ ಆಟಗಾರ ಎಲ್ಲಿ ನಿಂತರೂ ಯಾವ ಗೋಡೆ ಮುಂದೆ, ಯಾವುದು ಹಿಂದೆ ಎಂಬುದು ಕಂಪ್ಯೂಟರಿಗೆ ಕೂಡಲೇ ಗೊತ್ತಾಗುತ್ತದೆ. ಕಾಣದ್ದನ್ನು ಬಿಡಿಸುವ ಶ್ರಮ ತಪ್ಪುತ್ತದೆ. ನಮ್ಮ ಲ್ಯಾಬಿನ 486ರಂಥ ಬಡ ಯಂತ್ರದಲ್ಲೂ ಡೂಮ್ ಓಡಿದ್ದು ಇದರಿಂದ.

ಈ ನಿಯಮಗಳೊಳಗೆ ಮಲೆನಾಡಿನ ಮನೆ ಕಟ್ಟುವುದು ತಮಾಷೆಯ ಕೆಲಸ. ಅಂಗಳ ಸುಲಭವಾಯಿತು. ಸೂರಿನ ಜಾಗಕ್ಕೆ ಆಕಾಶ ಎಂದು ಕೊಟ್ಟರೆ ಮುಗಿಯಿತು. ಆಟದ ಮೊದಲ ಭಾಗದ ಆಕಾಶದಲ್ಲಿ ಬೂದು ಬಣ್ಣದ ಬೆಟ್ಟಗಳಿವೆ, ಮಳೆಗಾಲದಲ್ಲಿ ನಮ್ಮ ಕಡೆ ಕಾಣುವ ಹಾಗೆಯೇ. ದೇವರ ಕೋಣೆ ಕಷ್ಟವಾಯಿತು. ಅದರ ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಒಳಗೆ ಹೋಗಬೇಕು. ಡೂಮ್‌ನ ನಾಯಕನ ಎತ್ತರ 56 ಯುನಿಟ್, ಅವನಿಗೆ ಬಗ್ಗಲು ಬರುವುದಿಲ್ಲ. ಬಾಗಿಲನ್ನೇ ಎತ್ತರ ಮಾಡಬೇಕಾಯಿತು. ಇನ್ನು ಅಟ್ಟ ಆಗಲೇ ಇಲ್ಲ. ಒಂದು ಸೆಕ್ಟರಿಗೆ ಒಂದೇ ನೆಲ, ಒಂದೇ ಸೂರು. ಕೋಣೆಯ ಮೇಲೆ ಕೋಣೆ ಡೂಮ್‌ನಲ್ಲಿ ಸಾಧ್ಯವಿಲ್ಲ. ಅಡಿಕೆ ಮೂಟೆ, ಹಿತ್ತಾಳೆ ಹಂಡೆ, ಹಳೆ ತೊಟ್ಟಿಲು ಇದ್ದ ಅಟ್ಟವನ್ನು ಬಿಟ್ಟೇ ಮನೆ ಮುಗಿಸಿದೆ.

ಮನೆ, ಕಾಲೇಜು, ಆಫೀಸುಗಳನ್ನು ಹೀಗೆ ಕಟ್ಟಿದವರು ಲೋಕದ ತುಂಬ ಇದ್ದರು ಎಂದು ಆಮೇಲೆ ಗೊತ್ತಾಯಿತು. ಕೆಲವರು ಅದರಲ್ಲೇ ವೃತ್ತಿಗೂ ಇಳಿದರು. 1996ರ ಫೈನಲ್ ಡೂಮ್‌ನಲ್ಲಿರುವ ಎರಡು ಸಂಪುಟಗಳನ್ನೂ ಮೊದಲು ಕಟ್ಟಿದ್ದು ಇಂಥ ಹವ್ಯಾಸಿಗಳೇ. 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ ಹದಿಮೂರು ಜನರನ್ನು ಕೊಂದರು. ಅವರು ಡೂಮ್ ಆಡುತ್ತಿದ್ದರು, ಲೆವೆಲ್ ಕೂಡ ಮಾಡುತ್ತಿದ್ದರು. ತಮ್ಮ ಶಾಲೆಯನ್ನೇ ಆಟದೊಳಗೆ ಕಟ್ಟಿದ್ದರು ಎಂಬ ಸುದ್ದಿ ಹಬ್ಬಿತು. ಅಂಥ ಲೆವೆಲ್ ಸಿಗಲಿಲ್ಲ. ಆದರೂ ಆ ಸುದ್ದಿ ಓದಿದ ದಿನ ನನ್ನ ಫೈಲ್ ತೆರೆದು ಅಡುಗೆಮನೆಯ ರಾಕ್ಷಸನನ್ನು ನೋಡಿದೆ. ಪ್ರೀತಿಯ ಜಾಗದಲ್ಲಿ ಬಂದೂಕು ಹಿಡಿದು ಓಡಾಡುವುದರಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಆ ರಾತ್ರಿ ರಾಕ್ಷಸರನ್ನೆಲ್ಲ ಅಳಿಸಿಹಾಕಿದೆ. ಆಟವೇ ತಪ್ಪು ಎಂದು ನಾನು ಹೇಳುವುದಿಲ್ಲ. 1994ರಲ್ಲಿ ಎಳೆಯರಿಗೆ ಅಪಾಯಕಾರಿ ಎಂದು ಡೂಮ್ ಅನ್ನು ಪಟ್ಟಿಗೆ ಸೇರಿಸಿದ್ದ ಜರ್ಮನಿ ಕೂಡ 2011ರಲ್ಲಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಆದರೆ ಅಂದಿನ ಮುಜುಗರ ಸುಳ್ಳಲ್ಲ, ಅದನ್ನೂ ಈ ಚರಿತ್ರೆಯಲ್ಲಿ ಬರೆಯಬೇಕು.

ಇಷ್ಟರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. 1997ರ ಡಿಸೆಂಬರ್ 23ರಂದು ಇಡ್ ಸಾಫ್ಟ್‌ವೇರ್ ಡೂಮ್‌ನ ಸೋರ್ಸ್ ಕೋಡನ್ನೇ ಬಿಡುಗಡೆ ಮಾಡಿತು. ಡಾಸ್ ಆವೃತ್ತಿಯ ಸದ್ದಿನ ಭಾಗ ಬೇರೆಯವರಿಂದ ತಂದದ್ದು, ಅದನ್ನು ಹಂಚುವ ಹಕ್ಕು ಇರಲಿಲ್ಲ. ಹಾಗಾಗಿ ಲಿನಕ್ಸ್ ಆವೃತ್ತಿಯ ಕೋಡ್ ಕೊಟ್ಟರು. 1999ರಲ್ಲಿ ಅದು ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನಡಿ ಬಂತು. ಚಿತ್ರ, ಸದ್ದು, ಲೆವೆಲ್‌ಗಳಿಗೆ ಈಗಲೂ ದುಡ್ಡು ಕೊಡಬೇಕು. ಆದರೆ ಎಂಜಿನ್ ಎಲ್ಲರದ್ದು. ಆಮೇಲೆ ಏನಾಯಿತು ನೋಡಿ. ಒಬ್ಬರು ಅದನ್ನು ಹೊಸ ವಿಂಡೋಸಿಗೆ ತಂದರು, ಇನ್ನೊಬ್ಬರು ಮೊಬೈಲಿಗೆ. ಚಾಕೊಲೇಟ್ ಡೂಮ್ ಎಂಬ ಎಂಜಿನ್ ಹಳೆಯ ಆಟದ ತಪ್ಪುಗಳನ್ನೂ ಹಾಗೆಯೇ ಉಳಿಸಿಕೊಂಡಿದೆ. ಕ್ಯಾಲ್ಕುಲೇಟರ್, ಪ್ರಿಂಟರಿನ ಪುಟ್ಟ ಪರದೆಗಳಲ್ಲೂ ಡೂಮ್ ಓಡಿಸಿದ್ದಾರೆ. ಯಾವ ಹೊಸ ಯಂತ್ರ ಬಂದರೂ ‘ಇದರಲ್ಲಿ ಡೂಮ್ ಓಡುತ್ತದೆಯೇ’ ಎಂದು ಕೇಳುವುದು ಪ್ರೋಗ್ರಾಮರುಗಳಲ್ಲಿ ಒಂದು ನಗೆಮಾತಾಗಿದೆ.

ಕಂಪನಿಯೂ ಡೂಮ್ ಸರಣಿಯನ್ನು ಮುಂದುವರಿಸಿತು. 2004ರಲ್ಲಿ ಡೂಮ್ 3, 2016ರಲ್ಲಿ ಮತ್ತೆ ಹೊಸ ಡೂಮ್, 2020ರಲ್ಲಿ ಡೂಮ್ ಎಟರ್ನಲ್ ಬಂದವು. ಚೆಂದದ ಆಟಗಳೇ. ಆದರೆ ನನಗೆ ಹೆಚ್ಚು ಹಿಡಿಸುವುದು ಇನ್ನೊಂದು ವಿಷಯ. ಮೂಲ ಆಟಕ್ಕೆ ಮೂವತ್ತು ತುಂಬಿದ 2023ರ ಡಿಸೆಂಬರ್ 10ರಂದು, ಇಡ್ ಬಿಟ್ಟು ಎಷ್ಟೋ ವರ್ಷವಾಗಿದ್ದ ರೊಮೆರೊ ಹಳೆಯ ಡೂಮ್‌ಗೆ ಸಿಜಿಲ್ 2 ಎಂಬ ಹೊಸ ಲೆವೆಲ್‌ಗಳ ಗುಚ್ಛ ತಂದರು. ಅದೇ ವರ್ಷ ಮೈಹೌಸ್ ಎಂಬ ವ್ಯಾಡ್ ಬಂತು. ಒಬ್ಬ ಹವ್ಯಾಸಿ ಕಟ್ಟಿದ್ದು. ಮೊದಲಿಗೆ ಸಾಧಾರಣ ಮನೆಯಂತೆ ಕಂಡು ಒಳಗೆ ಅಡ್ಡಾಡಿದಂತೆ ಬದಲಾಗುತ್ತ ಹೋಗುವ ಮನೆ. ಸಾವಿರಾರು ಜನ ಅದರೊಳಗೆ ಕಳೆದುಹೋದರು. ಮೂವತ್ತು ವರ್ಷದ ಹಿಂದಿನ ಆಟದೊಳಗೆ ಜನ ಇನ್ನೂ ಮನೆ ಕಟ್ಟುತ್ತಿದ್ದಾರೆ ಎಂದು ನನಗೆ ಸಮಾಧಾನವಾಯಿತು.

ನನ್ನ ಪ್ರಾಜೆಕ್ಟ್ ರಿಪೋರ್ಟ್ ಬರೆದ ಸಾಫ್ಟ್‌ವೇರನ್ನು ಮಾಡಿದವರು ಅದನ್ನು ಭದ್ರವಾಗಿ ಬೀಗ ಹಾಕಿ ಇಟ್ಟಿದ್ದರು. ಕಂಪನಿ ಮುಚ್ಚಿದಾಗ ಬೀಗದ ಕೈಯೂ ಅದರ ಜೊತೆ ಹೋಯಿತು. ಡೂಮ್‌ನವರು ಮೊದಲು ಒಂದು ಬಾಗಿಲು ತೆರೆದರು, ನಾಲ್ಕು ವರ್ಷದ ಮೇಲೆ ಇನ್ನೊಂದನ್ನು. ಆಮೇಲೆ ಅದನ್ನು ನೋಡಿಕೊಂಡದ್ದು, ರಿಪೇರಿ ಮಾಡಿದ್ದು ಎಲ್ಲ ಬಂದುಹೋಗುವ ಜನ.

ಹೋದ ವರ್ಷ ಅಮ್ಮನಿಗೆ ಆ ಮನೆ ತೋರಿಸಿದೆ. ಬಂದೂಕು ಪರದೆಯಲ್ಲಿ ಕಾಣದಂತೆ ಮಾಡಿಕೊಂಡಿದ್ದೆ. ಜಗುಲಿಯಿಂದ ಅಂಗಳಕ್ಕೆ, ಅಲ್ಲಿಂದ ನಡುಮನೆಗೆ ನಿಧಾನವಾಗಿ ನಡೆಸಿಕೊಂಡು ಹೋದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದಳು. ಗೋಡೆಗೆಲ್ಲ ಆಟದ ಕಲ್ಲಿನ ಚಿತ್ರ, ಸುಣ್ಣವಿಲ್ಲ, ಕೆಮ್ಮಣ್ಣಿಲ್ಲ. ಆದರೂ ನಡುಮನೆಯ ಮೂಲೆಗೆ ಬಂದಾಗ, “ಏಣಿ ಎಲ್ಲೋ? ಅಟ್ಟಕ್ಕೆ ಇಲ್ಲಿಂದ ಅಲ್ವಾ ಹತ್ತೋದು?” ಎಂದಳು.

ಈ ಆಟದಲ್ಲಿ ಕೋಣೆ ಮೇಲೆ ಕೋಣೆ ಬರುವುದಿಲ್ಲ ಎಂದೆ. ಅದು ಪೂರ್ತಿ ನಿಜವಲ್ಲ. ಜನ ತಿದ್ದಿ ಬೆಳೆಸಿದ ಜಿಜೆಡ್‌ಡೂಮ್‌ನಂಥ ಎಂಜಿನ್‌ಗಳಲ್ಲಿ ಈಗ ಅದೂ ಸಾಧ್ಯ. ಆದರೆ ಅಟ್ಟದ ಅಳತೆ ನನ್ನ ಹತ್ತಿರ ಇರಲಿಲ್ಲ. ಅಮ್ಮ ಒಂದು ಕಾಗದ ತರಿಸಿಕೊಂಡು, ಕಿಟಕಿ ಯಾವ ಕಡೆ, ತೊಟ್ಟಿಲು ಎಲ್ಲಿ ಎಂದು ಗೆರೆ ಹಾಕಿ ತೋರಿಸಿದಳು. ಕಿಟಕಿ ಪೂರ್ವಕ್ಕಿತ್ತು ಎಂದು ಅವಳು, ಉತ್ತರಕ್ಕೆ ಎಂದು ನಾನು. ಆ ವಿಷಯ ಇನ್ನೂ ತೀರ್ಮಾನವಾಗಿಲ್ಲ.