ತಣ್ಣೀರಿನ ಊರಿನಲ್ಲಿ ಬಿಸಿಲಿನ ನೀರು

ಮಾಸಾಯಿ ಭಾಷೆಯ ‘ಎಂಕಾರೆ ನೈರೋಬಿ’ ಎಂದರೆ ತಣ್ಣೀರು. 1899ರಲ್ಲಿ ರೈಲ್ವೆ ಇಲ್ಲಿ ಬೀಡುಬಿಡಲು ಆ ನೀರೂ ಒಂದು ಕಾರಣ. ಇಂದು ನಮ್ಮ ಲಂಗಾಟಾಕ್ಕೂ ಕಿಬೆರಾಕ್ಕೂ ನಡುವಿನ ನೈರೋಬಿ ಡ್ಯಾಮ್ ಕೊಳೆನೀರಿನಿಂದ ತುಂಬಿದೆ. ನಮ್ಮ ಮನೆಗಳಿಗೆ ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರು ಬರುತ್ತದೆ. ಆಚೆ ದಡದವರು 20 ಲೀಟರಿನ ಕ್ಯಾನ್ ಹಿಡಿದು ದುಡ್ಡು ಕೊಟ್ಟು ತರಬೇಕು.

ಬೋರ್‌ವೆಲ್ ನೀರು ತಿಳಿಯಾಗಿ ಕಂಡರೂ ನಂಬುವಂತಿಲ್ಲ. ಇಲ್ಲಿನ ಜ್ವಾಲಾಮುಖಿ ಶಿಲೆಗಳಿಂದಾಗಿ ಎಷ್ಟೋ ಕಡೆ ಫ್ಲೋರೈಡ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಮೀರುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಮಕ್ಕಳ ಹಲ್ಲಿನ ಕಂದುಗೆರೆ ಹೊಸದಲ್ಲ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗದು. ನೀರು ಇಂಗಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಅದನ್ನು ಬೇರ್ಪಡಿಸುವ ಹಳೆಯ ದಾರಿಗಳಲ್ಲಿ ಬಿಸಿಲಿನ ಭಟ್ಟಿಯೂ ಒಂದು. ಕಪ್ಪು ತಳದ ತೊಟ್ಟಿಯಲ್ಲಿ ತೆಳ್ಳಗೆ ನೀರು, ಮೇಲೆ ಓರೆಯಾದ ಗಾಜು. ಆವಿ ಗಾಜಿಗೆ ತಾಗಿ ಹನಿಯಾಗಿ ಅಂಚಿನ ಕಾಲುವೆಗೆ ಇಳಿಯುತ್ತದೆ; ಉಪ್ಪು, ಫ್ಲೋರೈಡ್ ತಳದಲ್ಲೇ ಉಳಿಯುತ್ತವೆ. 1872ರಲ್ಲಿ ಚಿಲಿಯ ಲಾಸ್ ಸಲಿನಾಸ್ ಎಂಬಲ್ಲಿ ಚಾರ್ಲ್ಸ್ ವಿಲ್ಸನ್ ಎಂಬ ಎಂಜಿನಿಯರ್ 4,000 ಚದರ ಮೀಟರಿಗೂ ಮಿಕ್ಕಿದ ಇಂಥ ಭಟ್ಟಿ ಕಟ್ಟಿ ದಿನಕ್ಕೆ 20,000 ಲೀಟರಿಗೂ ಹೆಚ್ಚು ಸಿಹಿನೀರು ಪಡೆದ. ಗಣಿ ಪ್ರದೇಶಕ್ಕೆ ಅದು ದಶಕಗಳ ಕಾಲ ನೀರು ಕೊಟ್ಟಿತು. 1978ರಲ್ಲಿ ಭಾವನಗರದ ಕೇಂದ್ರೀಯ ಉಪ್ಪು ಸಂಶೋಧನಾ ಸಂಸ್ಥೆ ಗುಜರಾತಿನ ಅವಾನಿಯಾ ಹಳ್ಳಿಯಲ್ಲಿ ದಿನಕ್ಕೆ 5,000 ಲೀಟರಿನ ಭಟ್ಟಿ ನಿಲ್ಲಿಸಿತು.

ಹಾಗಾದರೆ ಇದು ಎಲ್ಲೆಡೆ ಏಕೆ ಹರಡಲಿಲ್ಲ? ಲೆಕ್ಕವೇ ಉತ್ತರ. ಒಂದು ಚದರ ಮೀಟರಿಗೆ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 3 ಲೀಟರ್. ಐವರ ಮನೆಗೆ ಕುಡಿಯಲು 10 ಲೀಟರ್ ಎಂದರೂ ಮೂರು ನಾಲ್ಕು ಚದರ ಮೀಟರ್ ಬೇಕು. ನೈರೋಬಿಯ ಜುಲೈ ಮೋಡದಲ್ಲಿ ಅದೂ ಸಾಲದು. ಗಾಜು ಒಡೆಯುತ್ತದೆ, ತೊಟ್ಟಿಯಲ್ಲಿ ಉಪ್ಪು ಕಟ್ಟುತ್ತದೆ. ದಿನವೂ ನೋಡಿಕೊಳ್ಳುವವರಿಲ್ಲದಿದ್ದರೆ ಭಟ್ಟಿ ಮೂಲೆ ಸೇರುತ್ತದೆ.

ಆದ್ದರಿಂದ ನೆರೆಯವರಿಗೆ ನೆರವಾಗಲು ಹೊರಟಾಗ ನಾವು ಮೊದಲು ನೀರನ್ನು ಪರೀಕ್ಷೆ ಮಾಡಿಸೋಣ. ಭಟ್ಟಿ ಸ್ನಾನಕ್ಕೂ ಬಟ್ಟೆಗೂ ಅಲ್ಲ, ಮಕ್ಕಳ ಕುಡಿಯುವ ಲೋಟಕ್ಕೆ ಮಾತ್ರ. ಮಳೆಗಾಲದಲ್ಲಿ ಅದೇ ಮಾಡಿನ ನೀರನ್ನೂ ಹಿಡಿಯಬಹುದು. ಗಾಜು ಕೊಳ್ಳುವ ಹಣಕ್ಕಿಂತ, ನಾಳೆ ಅದನ್ನು ಒರೆಸುವವರು ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.