ನ್ಯೂಯಾರ್ಕ್–ಸಿಯಾಟಲ್ ಮೋಟಾರು ಪಂದ್ಯ, ೧೯೦೯: ಗೆಲುವಿನ ಸಾಕ್ಷ್ಯವಿಚಾರ

ಯುದ್ಧಗಳಲ್ಲಿ ಜಯ ಯಾರದೆಂಬ ವಿಷಯದಲ್ಲಿ ಇತಿಹಾಸಕಾರರು ಭಿನ್ನಾಭಿಪ್ರಾಯ ತಾಳುವುದುಂಟು. ಓಟದ ಪಂದ್ಯದಲ್ಲಾದರೋ ಅಂತಹ ಸಂದೇಹಕ್ಕೆ ಎಡೆಯಿಲ್ಲವೆಂದೂ ಮೊದಲು ಗುರಿ ಮುಟ್ಟಿದವನೇ ವಿಜೇತನೆಂದೂ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ೧೯೦೯ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೂರ್ವತೀರದಿಂದ ಪಶ್ಚಿಮತೀರದವರೆಗೆ ನಡೆದ ಮೋಟಾರು ಪಂದ್ಯವು ಈ ಭಾವನೆಯನ್ನು ಪುನಃ ಪರಿಶೀಲಿಸುವಂತೆ ಮಾಡುತ್ತದೆ.

ಆ ವರ್ಷ ಸಿಯಾಟಲ್ ನಗರದಲ್ಲಿ ಅಲಾಸ್ಕ–ಯೂಕಾನ್–ಪೆಸಿಫಿಕ್ ವಸ್ತುಪ್ರದರ್ಶನವು ಏರ್ಪಟ್ಟಿತ್ತು. ಅದರ ಅಂಗವಾಗಿ ರಾಬರ್ಟ್ ಗುಗನ್‌ಹೈಂ ಎಂಬ ಧನಿಕರು ಈ ಪಂದ್ಯಕ್ಕೆ ಪಾರಿತೋಷಕವನ್ನು ನೀಡಿದರು. ಜೂನ್ ೧ರಂದು ರಾಜಧಾನಿಯಲ್ಲಿ ಅಧ್ಯಕ್ಷ ಟ್ಯಾಫ್ಟ್ ಅವರು ತಂತಿಯಂತ್ರದ ಕೀಲಿಯನ್ನೊತ್ತಲು, ಅದೇ ಸಂಜ್ಞೆಯಿಂದ ಸಿಯಾಟಲ್‌ನಲ್ಲಿ ಪ್ರದರ್ಶನವೂ ನ್ಯೂಯಾರ್ಕಿನಲ್ಲಿ ಪಂದ್ಯವೂ ಪ್ರಾರಂಭವಾದುವು. ಅಂದು ಹೊರಟ ಬಂಡಿಗಳು ಐದು: ಎರಡು ಫೋರ್ಡ್, ಒಂದು ಶಾಮಟ್, ಒಂದು ಆಕ್ಮಿ ಮತ್ತು ಇಟಲಿಯಲ್ಲಿ ತಯಾರಾದ ಒಂದು ಇಟಾಲ. ಇವುಗಳಲ್ಲಿ ಇಟಾಲವು ವಯೋಮಿಂಗ್ ರಾಜ್ಯದವರೆಗೆ ಬಂದು ಪಂದ್ಯದಿಂದ ಹಿಂದೆಗೆಯಿತು.

ಸ್ಪರ್ಧಿಗಳಲ್ಲಿ ಇಬ್ಬರ ಸ್ಥಿತಿ ವಿಶೇಷವಾಗಿ ಗಮನಾರ್ಹವಾದುದು. ಫೋರ್ಡ್ ಕಂಪನಿಯು ಹಿಂದಿನ ವರ್ಷದ ಅಕ್ಟೋಬರಿನಲ್ಲಷ್ಟೆ 'ಟಿ' ಮಾದರಿಯ ಬಂಡಿಯನ್ನು ಮಾರಾಟಕ್ಕೆ ತಂದಿತ್ತು. ಸುಮಾರು ೧,೨೦೦ ಪೌಂಡು ತೂಗುತ್ತಿದ್ದ ಈ ಹಗುರ ಬಂಡಿಯು ದೂರ ಪ್ರಯಾಣವನ್ನು ತಾಳಬಲ್ಲುದೆಂಬುದನ್ನು ಜನರಿಗೆ ತೋರಿಸಿಕೊಡಬೇಕಾಗಿತ್ತು. ಅತ್ತ ಮ್ಯಾಸಚೂಸೆಟ್ಸ್ ರಾಜ್ಯದ ಶಾಮಟ್ ಕಂಪನಿಯ ಕಾರ್ಖಾನೆಯು ೧೯೦೮ರಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಅದು ಮತ್ತೆ ತಲೆಯೆತ್ತಲು ಈ ಗೆಲುವೇ ಆಧಾರವೆಂಬಂತಿತ್ತು. ಅದರ ಬಂಡಿಯಾದರೋ ಫೋರ್ಡಿಗಿಂತ ಬಹಳ ಭಾರವಾದುದು. ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಒಳ್ಳೆಯ ರಸ್ತೆಗಳು ಅತಿ ವಿರಳವಾಗಿದ್ದುವು. ಮಳೆಯಿಂದ ಕೆಸರಾದ ಬಯಲುಗಳನ್ನೂ, ಕೊನೆಯಲ್ಲಿ ಸ್ನೋಕ್ವಾಲ್ಮಿ ಕಣಿವೆಯ ಹಿಮವನ್ನೂ ದಾಟಬೇಕಾಗಿತ್ತು. ಹೂತುಹೋದ ಬಂಡಿಯನ್ನು ಮೇಲೆತ್ತಬೇಕಾದ ಇಂತಹ ಎಡೆಗಳಲ್ಲಿ ಹಗುರತನವೇ ಒಂದು ಬಲವಾಯಿತು.

ಜೂನ್ ೨೩ರಂದು ಬರ್ಟ್ ಸ್ಕಾಟ್ ಮತ್ತು ಸಿ. ಜೆ. ಸ್ಮಿತ್ ಅವರ ಫೋರ್ಡ್ ಬಂಡಿ ಎಲ್ಲಕ್ಕಿಂತ ಮೊದಲು ಸಿಯಾಟಲ್ ಸೇರಿತು. ಸ್ವತಃ ಹೆನ್ರಿ ಫೋರ್ಡ್ ಅವರೂ ಅಲ್ಲಿದ್ದರು. ಸುಮಾರು ೧೭ ಗಂಟೆಗಳ ತರುವಾಯ ಶಾಮಟ್ ಬಂದು, ಅದರವರು ಒಡನೆಯೇ ತಕರಾರು ಎತ್ತಿದರು. ಎಂಜಿನು ಮೊದಲಾದ ಮುಖ್ಯ ಭಾಗಗಳನ್ನು ಮಾರ್ಗಮಧ್ಯದಲ್ಲಿ ಬದಲಾಯಿಸಕೂಡದೆಂಬುದು ಪಂದ್ಯದ ನಿಯಮ. ಮೊದಲು ಬಂದ ಫೋರ್ಡ್ ತನ್ನ ಎಂಜಿನನ್ನೇ ಬದಲಾಯಿಸಿಕೊಂಡಿತ್ತೆಂಬುದು ವಿಚಾರಣೆಯಿಂದ ಹೊರಬಿದ್ದು, ಸುಮಾರು ಐದು ತಿಂಗಳ ಬಳಿಕ ಅದು ಅನರ್ಹವೆಂದೂ ಶಾಮಟ್ ವಿಜೇತವೆಂದೂ ತೀರ್ಪಾಯಿತು.

ಆದರೆ ತೀರ್ಪು ಹೊರಡುವ ವೇಳೆಗೆ ಫೋರ್ಡಿನ ಗೆಲುವು ಜಾಹೀರಾತುಗಳ ಮೂಲಕ ದೇಶವನ್ನೆಲ್ಲ ಮುಟ್ಟಿತ್ತು. ಕಂಪನಿಯು ಪಂದ್ಯದ ಕಥೆಯನ್ನೇ ಒಂದು ಕಿರುಹೊತ್ತಗೆಯಾಗಿ ಪ್ರಕಟಿಸಿ ಹಂಚಿತು. ಶಾಮಟ್ ಕಂಪನಿಗೆ ತೀರ್ಪು ದೊರೆಯಿತೇ ಹೊರತು ವ್ಯಾಪಾರ ದೊರೆಯಲಿಲ್ಲ. ಅದು ಚೇತರಿಸಿಕೊಳ್ಳದೆ ಮುಚ್ಚಿಹೋಯಿತು. 'ಟಿ' ಮಾದರಿಯಾದರೋ ೧೯೨೭ರವರೆಗೆ ತಯಾರಾಗಿ, ಒಂದೂವರೆ ಕೋಟಿಯ ಸಂಖ್ಯೆಯನ್ನು ಮೀರಿತು.

ಈ ಸಂಗತಿಗಳನ್ನು ತೂಗಿನೋಡುವಾಗ ನಾವು ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಮೊದಲು ಬಂದವರಾರು ಎಂಬುದು ಒಂದು. ನಿಯಮದಂತೆ ಗೆದ್ದವರಾರು ಎಂಬುದು ಇನ್ನೊಂದು. ಫೋರ್ಡ್ ಕಂಪನಿಯ ಹೊತ್ತಗೆಯು ಅಂದಿನ ರಸ್ತೆಗಳ ಸ್ಥಿತಿಗೆ ಬೆಲೆಯುಳ್ಳ ಸಾಕ್ಷ್ಯ; ಗೆಲುವಿನ ಮಟ್ಟಿಗೆ ಅದು ಲಾಭದ ಆಸೆಯುಳ್ಳ ಪಕ್ಷವೊಂದರ ಹೇಳಿಕೆ ಮಾತ್ರ. ಹಾಗೆಂದು, ಎಂಜಿನು ಬದಲಾದರೂ ಹಗುರ ಬಂಡಿಯೊಂದು ಆ ದುರ್ಗಮ ಮಾರ್ಗವನ್ನು ಕ್ರಮಿಸಿತೆಂಬ ಮಾತನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. ಬಾಳಿ ಬೆಳೆದ ಪಕ್ಷವು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ. ಅಳಿದ ಪಕ್ಷದ ಪರವಾಗಿ ನುಡಿಯುವವರಾರೂ ಇಲ್ಲ. ಅದರ ಹಕ್ಕನ್ನು ಹುಡುಕಿ ಮುಂದಿಡುವುದು ಇತಿಹಾಸವನ್ನು ಅಭ್ಯಾಸಮಾಡುವವರ ಹೊಣೆಯಾಗಿದೆ.